ನಿತ್ಯ ಬದುಕಿನ ಬಲಗಳು: ಮೈಸೂರು, ಮಂಡ್ಯದ ಓದುಗರು ಪದೇ ಪದೇ ಕೇಳುವ ಪ್ರಶ್ನೆಗಳು

ಮನುಷ್ಯರ ಮೇಲೂ ವಸ್ತುಗಳ ಮೇಲೂ ವರ್ತಿಸುವ ಬಲಗಳ ಬಗ್ಗೆ ವಿದ್ಯಾರ್ಥಿಗಳು, ಪೋಷಕರು, ರೈತರು ಮತ್ತು ವಾಹನ ಓಡಿಸುವವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ, ಮೈಸೂರು ಮತ್ತು ಮಂಡ್ಯದ ಸುತ್ತಮುತ್ತ ಕಣ್ಣಿಗೆ ಬೀಳುವ ಸಂಗತಿಗಳನ್ನೇ ಹಿಡಿದು ಇಲ್ಲಿ ಉತ್ತರಿಸಲಾಗಿದೆ. ಲೆಕ್ಕಗಳೆಲ್ಲ ಅಂದಾಜಿನವು. ಬಲದ ಗಾತ್ರ ಎಷ್ಟೆಂಬುದು ಮನಸ್ಸಿಗೆ ತಟ್ಟಲಿ ಎಂಬುದಷ್ಟೇ ಅವುಗಳ ಉದ್ದೇಶ. ಓದುವಾಗ ಒಂದು ಮಾತನ್ನು ಗಮನದಲ್ಲಿಟ್ಟುಕೊಂಡರೆ ಅನುಕೂಲ: ಯಾವುದು ಅಪಾಯ, ಯಾವುದು ನಿರಪಾಯ ಎಂಬುದನ್ನು ತೀರ್ಮಾನಿಸುವುದು ಬಲದ ಪ್ರಮಾಣವೊಂದೇ ಅಲ್ಲ, ಆ ಬಲ ಎಷ್ಟು ಜಾಗದ ಮೇಲೆ ಹರಡಿದೆ ಮತ್ತು ಎಷ್ಟು ದೂರದೊಳಗೆ ತನ್ನ ಕೆಲಸ ಮುಗಿಸುತ್ತದೆ ಎಂಬುದೂ ಅಷ್ಟೇ ಮುಖ್ಯ.

ಬಲವನ್ನು ಅಳೆಯುವುದು ಹೇಗೆ? ಒಂದು ನ್ಯೂಟನ್ ಎಂದರೆ ಎಷ್ಟು?

ವಸ್ತುವಿನ ಚಲನೆಯನ್ನು ಬದಲಿಸುವ, ಅಥವಾ ಬದಲಿಸಲು ಹವಣಿಸುವ ಯಾವುದೇ ನೂಕುವಿಕೆ ಇಲ್ಲವೇ ಎಳೆತವನ್ನು ಬಲ ಎನ್ನುತ್ತೇವೆ. ಅದರ ಅಳತೆಯ ಮಾನಕ್ಕೆ, 1687ರಲ್ಲಿ ಚಲನೆಯ ಮೂರು ನಿಯಮಗಳನ್ನು ಪ್ರಕಟಿಸಿದ ಐಸಾಕ್ ನ್ಯೂಟನ್ ಅವರ ಹೆಸರನ್ನೇ ಇಡಲಾಗಿದೆ. ಅಂಗೈ ಮೇಲೆ 1 ಕೆಜಿ ಸಕ್ಕರೆಯ ಪೊಟ್ಟಣ ಇಟ್ಟುಕೊಂಡರೆ ಅದು ಕೈಯನ್ನು ಸುಮಾರು 9.8 ನ್ಯೂಟನ್ ಬಲದಿಂದ ಕೆಳಕ್ಕೆ ಒತ್ತುತ್ತದೆ, ಕೈಯೂ ಅಷ್ಟೇ ಬಲದಿಂದ ಪೊಟ್ಟಣವನ್ನು ಮೇಲಕ್ಕೆ ಒತ್ತುತ್ತದೆ. ನ್ಯೂಟನ್ ಲೆಕ್ಕ ಬಹುತೇಕರಿಗೆ ರೂಢಿಯಲ್ಲಿಲ್ಲದ ಕಾರಣ, ಮುಂದಿನ ಉತ್ತರಗಳಲ್ಲಿ ಹಲವು ಕಡೆ "ಇಷ್ಟು ಕೆಜಿ ತೂಕದಷ್ಟು ಬಲ" ಎಂದೇ ಹೇಳಲಾಗಿದೆ. ಶಾಲೆಯ ಪರೀಕ್ಷೆಯಲ್ಲಿ ಮಾತ್ರ ಹಾಗೆ ಬರೆಯಬಾರದು.

ಚಾಮುಂಡಿ ಬೆಟ್ಟದ ಮೇಲೆ ನಮ್ಮ ತೂಕ ಕಡಿಮೆಯಾಗುತ್ತದೆಯೇ?

ಆಗುತ್ತದೆ, ಆದರೆ ಹೇಳಿಕೊಳ್ಳುವಷ್ಟಲ್ಲ. ಭೂಮಿಯ ಕೇಂದ್ರದಿಂದ ದೂರ ಹೋದಂತೆ ಗುರುತ್ವ ಕುಗ್ಗುತ್ತದೆ. ಬೆಟ್ಟದ ತುದಿ ಮೈಸೂರು ನಗರಕ್ಕಿಂತ ಸುಮಾರು 300 ಮೀಟರ್ ಎತ್ತರದಲ್ಲಿದೆ, ಭೂಮಿಯ ತ್ರಿಜ್ಯವಾದರೋ 6,371 ಕಿಲೋಮೀಟರ್. ಹಾಗಾಗಿ 60 ಕೆಜಿಯ ವ್ಯಕ್ತಿಗೆ ಸ್ಪ್ರಿಂಗ್ ತಕ್ಕಡಿಯಲ್ಲಿ ಕಾಣಬಹುದಾದ ಇಳಿಕೆ ಸುಮಾರು 5 ಗ್ರಾಂ ಮಾತ್ರ, ಹತ್ತುವಾಗ ಹರಿದ ಬೆವರು ಅದಕ್ಕಿಂತ ಎಷ್ಟೋ ಹೆಚ್ಚು ತೂಗುತ್ತದೆ. ಎರಡು ತಟ್ಟೆಗಳ ತಕ್ಕಡಿಯಲ್ಲಿ ಈ 5 ಗ್ರಾಂ ಕೂಡ ಕಾಣುವುದಿಲ್ಲ, ಏಕೆಂದರೆ ಇನ್ನೊಂದು ತಟ್ಟೆಯಲ್ಲಿಟ್ಟ ತೂಕದ ಕಲ್ಲಿನ ಭಾರವೂ ಅದೇ ಪ್ರಮಾಣದಲ್ಲಿ ಇಳಿದಿರುತ್ತದೆ. ದೇಹದಲ್ಲಿರುವ ದ್ರವ್ಯರಾಶಿ ಮಾತ್ರ ಎಲ್ಲಿಗೆ ಹೋದರೂ ಅಷ್ಟೇ ಇರುತ್ತದೆ.

ಬೆಟ್ಟದ ಸಾವಿರ ಮೆಟ್ಟಿಲು ಹತ್ತುವಾಗ ಉಸಿರು ಕಟ್ಟುತ್ತದೆ, ಇಳಿಯುವಾಗ ಮಂಡಿ ನೋಯುತ್ತದೆ. ಏಕೆ?

ಹತ್ತುವಾಗ ದೇಹವನ್ನು ಗುರುತ್ವಕ್ಕೆ ಎದುರಾಗಿ ಎತ್ತಬೇಕು. 60 ಕೆಜಿಯ ದೇಹವನ್ನು 300 ಮೀಟರ್ ಎತ್ತಲು ಸುಮಾರು 1,76,000 ಜೂಲ್ ಬೇಕು, ಆಹಾರದ ಲೆಕ್ಕದಲ್ಲಿ ಹೇಳುವುದಾದರೆ ಅದು 42 ಕಿಲೋಕ್ಯಾಲರಿ. ಸ್ನಾಯುಗಳು ಬಳಸಿದ ಶಕ್ತಿಯಲ್ಲಿ ನಾಲ್ಕನೇ ಅಥವಾ ಐದನೇ ಒಂದು ಭಾಗವಷ್ಟೇ ಇಂಥ ಕೆಲಸವಾಗಿ ಪರಿಣಮಿಸಿ ಉಳಿದದ್ದು ಶಾಖವಾಗುವುದರಿಂದ, ನಿಜವಾದ ಖರ್ಚು 170ರಿಂದ 210 ಕಿಲೋಕ್ಯಾಲರಿಯ ಆಸುಪಾಸಿಗೆ ಬರುತ್ತದೆ. ಬೆಟ್ಟ ಹತ್ತಿ ಬಂದ ಸಂಭ್ರಮಕ್ಕೆ ಒಂದು ಮಸಾಲೆ ದೋಸೆ ತಿಂದರೆ ಲೆಕ್ಕ ಚುಕ್ತಾ ಆಗುವುದಷ್ಟೇ ಅಲ್ಲ, ಬಾಕಿಯೂ ಉಳಿಯುತ್ತದೆ.

ಇಳಿಯುವಾಗ ಉಸಿರಿನ ತೊಂದರೆ ಇರದಿದ್ದರೂ ಪ್ರತಿ ಮೆಟ್ಟಿಲಿನಲ್ಲಿ ದೇಹ ಒಂದಿಷ್ಟು ಬೀಳುತ್ತದೆ, ಆ ಬೀಳುವಿಕೆಯನ್ನು ಒಂದೇ ಕಾಲು ತಡೆದು ನಿಲ್ಲಿಸಬೇಕಾಗುತ್ತದೆ. ಮಂಡಿ ಮಡಿಸಿದ ಸ್ಥಿತಿಯಲ್ಲಿ ತೊಡೆಯ ಸ್ನಾಯು ಬಿಗಿಯಾಗಿ ಎಳೆಯುವುದರಿಂದ, ಕೀಲಿನ ಮೇಲೆ ದೇಹದ ತೂಕದ ಮೂರು ಪಟ್ಟಿಗೂ ಮೀರಿದ ಬಲ ಬೀಳುತ್ತದೆ. ಮಂಡಿನೋವು ಇರುವವರು ಮೆಟ್ಟಿಲು ಹತ್ತಿ ಹೋಗಿ, ಇಳಿಯಲು ನಗರ ಸಾರಿಗೆ ಬಸ್ಸು ಹಿಡಿಯುವುದು ಜಾಣತನ. ಹಲವರು ಇದನ್ನೇ ತಿರುವುಮುರುವಾಗಿ ಮಾಡುತ್ತಾರೆ.

ಬಸ್ಸು ಬ್ರೇಕ್ ಹಾಕಿದಾಗ ನಮ್ಮನ್ನು ಮುಂದಕ್ಕೆ ತಳ್ಳುವವರು ಯಾರು?

ಯಾರೂ ತಳ್ಳುವುದಿಲ್ಲ. ಬಸ್ಸು ನಿಧಾನವಾಗುತ್ತದೆ, ನಿಂತವರ ದೇಹ ಮಾತ್ರ ಜಡತ್ವದ ಕಾರಣ ಹಳೆಯ ವೇಗದಲ್ಲೇ ಸಾಗುತ್ತದೆ. ಬಸ್ಸಿನ ನೆಲಕ್ಕೂ ಚಪ್ಪಲಿಗೂ ನಡುವಿನ ಘರ್ಷಣೆ ಪಾದಗಳನ್ನು ಹಿಡಿದು ನಿಲ್ಲಿಸಿದರೂ, ದೇಹದ ಗುರುತ್ವ ಕೇಂದ್ರ (ಇಡೀ ತೂಕ ಒಂದೆಡೆ ಸೇರಿದಂತೆ ವರ್ತಿಸುವ ಬಿಂದು) ಸೊಂಟದ ಮಟ್ಟದಲ್ಲಿ, ಅಂದರೆ ನೆಲದಿಂದ ಹತ್ತಿರ ಹತ್ತಿರ 1 ಮೀಟರ್ ಎತ್ತರದಲ್ಲಿರುವುದರಿಂದ ಮೇಲ್ಭಾಗ ಮುಂದಕ್ಕೆ ವಾಲುತ್ತದೆ.

ಎಷ್ಟು ಜೋರಿನ ಬ್ರೇಕನ್ನು ಏನೂ ಹಿಡಿಯದೆ ತಾಳಿಕೊಳ್ಳಬಹುದು ಎಂಬುದು ಪಾದಗಳನ್ನು ಇಟ್ಟ ರೀತಿಯನ್ನು ಅವಲಂಬಿಸಿದೆ. ಎರಡೂ ಪಾದಗಳನ್ನು ಜೋಡಿಸಿ ಚಾಲಕನ ಕಡೆ ಮುಖ ಮಾಡಿ ನಿಂತರೆ, ಗುರುತ್ವ ಕೇಂದ್ರದಿಂದ ಮುಂದಕ್ಕೆ ಸುಮಾರು 12 ಸೆಂಟಿಮೀಟರ್ ಮಾತ್ರ ಆಧಾರ ಇರುತ್ತದೆ. ಆಗ ಬಸ್ಸಿನ ವೇಗ ಒಂದೊಂದು ಸೆಕೆಂಡ್ ಕಳೆದಂತೆ ಸೆಕೆಂಡಿಗೆ 1.2 ಮೀಟರಿನಷ್ಟು ಇಳಿದರೂ ಸಾಕು, ಮುಗ್ಗರಿಸುವುದು ಖಚಿತ. ಒಂದು ಪಾದವನ್ನು 30 ಸೆಂಟಿಮೀಟರ್ ಮುಂದಿಟ್ಟು ನಿಂತರೆ ಅದೇ ವ್ಯಕ್ತಿ 3 ಮೀಟರಿನವರೆಗಿನ ಇಳಿಕೆಯನ್ನು ತಾಳಬಲ್ಲರು, ಅದು ಸಾಕಷ್ಟು ಜೋರಾದ ಬ್ರೇಕೇ. ದಿನವಿಡೀ ಕಂಬಿ ಹಿಡಿಯದೆ ಟಿಕೆಟ್ ಹರಿಯುವ ಕಂಡಕ್ಟರುಗಳ ಕಾಲುಗಳನ್ನು ನೋಡಿದರೆ, ಅವು ಯಾವಾಗಲೂ ಬಸ್ಸಿನ ಉದ್ದಕ್ಕೆ ಅಗಲಿಸಿಕೊಂಡೇ ಇರುತ್ತವೆ.

ಬಸ್ಸು ವೃತ್ತವನ್ನು ಸುತ್ತುವಾಗ ಹೊರಕ್ಕೆ ಎಳೆದಂತಾಗುವುದೂ ಇದರಿಂದಲೇ?

ಹೌದು. ದೇಹ ನೇರವಾಗಿ ಹೋಗಬಯಸುತ್ತದೆ, ಬಸ್ಸು ತಿರುಗುತ್ತದೆ. ಹೊರಗಿನಿಂದ ನೋಡಿದವರಿಗೆ ಕಾಣುವುದು ಒಳಮುಖವಾದ ಕೇಂದ್ರಾಭಿಮುಖ ಬಲವೊಂದೇ, ಸೀಟು ಮತ್ತು ಕಂಬಿ ಅದನ್ನು ಒದಗಿಸುತ್ತವೆ. ವೇಗ ಇಮ್ಮಡಿಯಾದರೆ ಬೇಕಾದ ಬಲ ನಾಲ್ಮಡಿಯಾಗುತ್ತದೆ.

ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ 80ಕ್ಕೂ 100ಕ್ಕೂ ಅಂಥ ವ್ಯತ್ಯಾಸವೇನಿದೆ?

ಈ ಪುಟಕ್ಕೆ ಬರುವ ಪ್ರಶ್ನೆಗಳಲ್ಲಿ ಜೀವಕ್ಕೆ ನೇರವಾಗಿ ಸಂಬಂಧಿಸಿದ್ದು ಇದು, ಆದ್ದರಿಂದ ಸ್ವಲ್ಪ ವಿವರವಾಗಿಯೇ ನೋಡೋಣ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಈ ರಸ್ತೆಯಲ್ಲಿ ಕಾರುಗಳಿಗೆ ಗಂಟೆಗೆ 100 ಕಿಲೋಮೀಟರ್ ವೇಗಮಿತಿ ಇದೆ. ಆ ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. ಅಡ್ಡ ಬಂದದ್ದನ್ನು ಕಂಡು ಕಾಲು ಬ್ರೇಕಿಗೆ ಹೋಗಲು ಒಂದು ಸೆಕೆಂಡ್ ಹಿಡಿಯುತ್ತದೆ ಎಂದುಕೊಂಡರೆ, ಬ್ರೇಕ್ ಹತ್ತುವ ಮೊದಲೇ 28 ಮೀಟರ್ ಕಳೆದುಹೋಗಿರುತ್ತದೆ. ಆಮೇಲೆ ಕಾರನ್ನು ನಿಲ್ಲಿಸಬೇಕಾದ್ದು ಟೈರು ಮತ್ತು ರಸ್ತೆಯ ನಡುವಿನ ಘರ್ಷಣೆ ಮಾತ್ರ. ಒಣ ರಸ್ತೆಯಲ್ಲಿ, ಒಳ್ಳೆಯ ಟೈರಿದ್ದರೆ, ಅದು ಕಾರಿನ ತೂಕದ ಶೇ 70ರಷ್ಟು ಹಿಡಿತ ಕೊಟ್ಟೀತು. ಆಗ ಇನ್ನೂ 56 ಮೀಟರ್ ಬೇಕು. ಒಟ್ಟು 84 ಮೀಟರ್.

80ರ ವೇಗದಲ್ಲಿ ಇದೇ ಲೆಕ್ಕ 58 ಮೀಟರಿಗೆ ಮುಗಿಯುತ್ತದೆ. ಈಗ ಎರಡು ಕಾರುಗಳು ಅಕ್ಕಪಕ್ಕದಲ್ಲಿ, ಒಂದು 80ರಲ್ಲಿ ಇನ್ನೊಂದು 100ರಲ್ಲಿ ಬರುತ್ತಿದ್ದು, ಒಂದೇ ಕ್ಷಣದಲ್ಲಿ ಮುಂದೆ ಕೆಟ್ಟು ನಿಂತ ಲಾರಿಯನ್ನು ಕಂಡವು ಎಂದು ಊಹಿಸಿಕೊಳ್ಳಿ. ಮೊದಲ ಕಾರು ಲಾರಿಯ ಹಿಂಬದಿಗೆ ಮುಟ್ಟಿಯೂ ಮುಟ್ಟದಂತೆ ನಿಂತ ಜಾಗದಲ್ಲಿ, ಎರಡನೆಯ ಕಾರಿನ ವೇಗ ಇನ್ನೂ ಗಂಟೆಗೆ ಸುಮಾರು 68 ಕಿಲೋಮೀಟರ್ ಇರುತ್ತದೆ. ಹೆಚ್ಚುವರಿ 20 ಎಂದುಕೊಂಡದ್ದು ಡಿಕ್ಕಿಯ ಹೊತ್ತಿಗೆ 68 ಆಗಿ ಎದುರು ನಿಲ್ಲಲು ಕಾರಣ, ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ ಎಂಬುದು. ಮಳೆ ಬಿದ್ದ ರಸ್ತೆಯಲ್ಲಿ ಹಿಡಿತ ಶೇ 40ಕ್ಕೆ ಇಳಿದರೆ, 100ರಲ್ಲಿ ಬರುವ ಕಾರಿಗೆ ಬ್ರೇಕ್ ಹಿಡಿದ ಮೇಲೆ ಬೇಕಾಗುವ ದೂರವೇ 98 ಮೀಟರ್. ಟೈರಿನ ಗೀರುಗಳು ಸವೆದಿದ್ದರೆ ನೀರಿನ ಪದರ ಪಕ್ಕಕ್ಕೆ ಸರಿಯಲು ದಾರಿ ಸಿಗದೆ ಟೈರು ಅದರ ಮೇಲೆಯೇ ತೇಲುತ್ತದೆ, ಆಗ ಸ್ಟೇರಿಂಗ್ ತಿರುಗಿಸಿದರೂ ಕಾರು ಕೇಳುವುದಿಲ್ಲ.

ಇದೇ ಹೆದ್ದಾರಿಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳ ಸಂಚಾರ ನಿಷೇಧಿಸಿದ್ದಾರೆ. ಮೇಲಿನ ಲೆಕ್ಕ ನೋಡಿದವರಿಗೆ ಇದು ಅನ್ಯಾಯವೆಂದು ತೋರಲಾರದು: 30ರ ವೇಗದ ಟ್ರ್ಯಾಕ್ಟರಿನ ಹಿಂದೆ 100ರ ವೇಗದ ಕಾರು ಬಂದರೆ, ಅವುಗಳ ನಡುವಿನ ಅಂತರ ಸೆಕೆಂಡಿಗೆ ಸುಮಾರು 19 ಮೀಟರಿನಂತೆ ಕರಗುತ್ತಿರುತ್ತದೆ.

ಮಗುವನ್ನು ತೊಡೆಯ ಮೇಲೆ ಭದ್ರವಾಗಿ ಹಿಡಿದುಕೊಂಡರೆ ಸಾಲದೇ?

ಸಾಲದು. 50ರ ವೇಗದಲ್ಲಿ ಕಾರು ಗುದ್ದಿದಾಗ, ಕಾರಿನ ಮೂತಿ ನಜ್ಜುಗುಜ್ಜಾಗುವುದೂ ಬೆಲ್ಟು ಹಿಗ್ಗುವುದೂ ಸೇರಿ ಒಳಗಿರುವವರಿಗೆ ನಿಲ್ಲಲು ಹೆಚ್ಚೆಂದರೆ 65 ಸೆಂಟಿಮೀಟರ್ ಸಿಕ್ಕೀತು. ಅಷ್ಟರಲ್ಲಿ ನಿಲ್ಲಿಸಲು ಗುರುತ್ವದ ಸುಮಾರು 15 ಪಟ್ಟು ಬಲ ಬೇಕು. 10 ಕೆಜಿಯ ಮಗು ಆ ಕ್ಷಣದಲ್ಲಿ 150 ಕೆಜಿಯ ಮೂಟೆಯಾಗಿ ಕೈಯಿಂದ ಕಿತ್ತುಕೊಂಡು ಹೋಗುತ್ತದೆ, ಯಾವ ತಾಯಿತಂದೆಯ ತೋಳಿಗೂ ಆ ಕಸುವಿಲ್ಲ. ಬೆಲ್ಟು ಹಾಕದ ದೊಡ್ಡವರಿಗೆ 65 ಸೆಂಟಿಮೀಟರೂ ಸಿಗುವುದಿಲ್ಲ, ಡ್ಯಾಶ್‌ಬೋರ್ಡಿಗೆ ತಲೆ ತಗುಲಿ ನಿಲ್ಲುವ ಕೆಲವೇ ಸೆಂಟಿಮೀಟರ್ ಅವರ ಪಾಲಿಗೆ ಉಳಿಯುತ್ತದೆ.

ಊರೊಳಗೆ ನಿಧಾನವಾಗಿ ಹೋಗುವ ಸ್ಕೂಟರಿಗೂ ಹೆಲ್ಮೆಟ್ ಏಕೆ?

ತಲೆಗೆ ಪೆಟ್ಟಾಗಲು ಸ್ಕೂಟರಿಗೆ ವೇಗವೇ ಬೇಕಿಲ್ಲ. ನಿಂತ ಸ್ಕೂಟರಿನಿಂದ ಪಕ್ಕಕ್ಕೆ ಉರುಳಿ, ಒಂದೂವರೆ ಮೀಟರ್ ಎತ್ತರದಿಂದ ತಲೆ ನೆಲಕ್ಕೆ ಬಡಿದರೂ ಬಡಿಯುವ ವೇಗ ಗಂಟೆಗೆ ಸುಮಾರು 19 ಕಿಲೋಮೀಟರ್. ಬರಿತಲೆ ಕಾಂಕ್ರೀಟಿಗೆ ತಗುಲಿದರೆ ಎರಡು ಮಿಲಿಮೀಟರಿನಲ್ಲಿ ನಿಲ್ಲಬೇಕು, ಅದಕ್ಕೆ ಗುರುತ್ವದ 700 ಪಟ್ಟಿಗೂ ಮೀರಿದ ತಡೆ ಬೇಕಾಗುತ್ತದೆ. ಹೆಲ್ಮೆಟ್ಟಿನೊಳಗಿನ ಥರ್ಮಾಕೋಲ್ ಪದರ ಎರಡೂವರೆ ಸೆಂಟಿಮೀಟರ್ ಕುಸಿದು ಆ ಪೆಟ್ಟನ್ನು 60 ಪಟ್ಟಿಗೆ ಇಳಿಸುತ್ತದೆ. ಕುಸಿಯುವುದೇ ಅದರ ಕೆಲಸ. ಆದ್ದರಿಂದ ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ ಹೊರಗಿನಿಂದ ಎಷ್ಟೇ ಹೊಸದಾಗಿ ಕಂಡರೂ ಅದನ್ನು ಬದಲಿಸಬೇಕು. ಥರ್ಮಾಕೋಲೇ ಇಲ್ಲದ, ಬರೀ ಸ್ಪಂಜು ಅಂಟಿಸಿದ ಅರ್ಧ ಟೋಪಿಗಳು ಪೊಲೀಸರಿಂದ ಕಾಪಾಡಿಯಾವು, ನೆಲದಿಂದ ಕಾಪಾಡಲಾರವು.

ತೆಂಗಿನ ತೋಟದಲ್ಲಿ ದುಡಿಯುವವರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. 15 ಮೀಟರ್ ಎತ್ತರದಿಂದ ಬೀಳುವ ಒಂದೂವರೆ ಕೆಜಿಯ ಕಾಯಿ ನೆಲ ಮುಟ್ಟುವಾಗ ಗಂಟೆಗೆ 60 ಕಿಲೋಮೀಟರ್ ದಾಟಿರುತ್ತದೆ. ಹತ್ತು ಸೆಂಟಿಮೀಟರ್ ಹೂತುಹೋಗುವ ಸಡಿಲ ಮಣ್ಣಿನ ಮೇಲೆ ಬಿದ್ದರೆ ಅದರ ಸರಾಸರಿ ಬಲ 220 ಕೆಜಿಯ ತೂಕದಷ್ಟು. ಒಂದೇ ಸೆಂಟಿಮೀಟರಿನಲ್ಲಿ ನಿಲ್ಲಿಸುವ ಗಟ್ಟಿ ಜಾಗದ ಮೇಲೆ ಬಿದ್ದರೆ 2 ಟನ್ನಿಗೂ ಹೆಚ್ಚು.

ಒಂದು ಜೊತೆ ಎತ್ತು ಅಷ್ಟು ಭಾರದ ಕಬ್ಬಿನ ಗಾಡಿಯನ್ನು ಹೇಗೆ ಎಳೆಯುತ್ತವೆ?

ಎತ್ತುಗಳು ಕಬ್ಬನ್ನು ಎತ್ತುತ್ತಿಲ್ಲ, ಉರುಳಿಸುತ್ತಿವೆ. ಗಾಡಿ ಮತ್ತು ಕಬ್ಬು ಸೇರಿ ಒಂದೂವರೆ ಟನ್ ಇದೆ ಎನ್ನಿ. ಆ ತೂಕವನ್ನು ನೆಲ ಹೊರುತ್ತದೆ. ಎತ್ತುಗಳು ಗೆಲ್ಲಬೇಕಾದದ್ದು ಗಾಲಿಯ ಉರುಳು ಘರ್ಷಣೆಯನ್ನು ಮಾತ್ರ. ಡಾಂಬರು ರಸ್ತೆಯಲ್ಲಿ ಅದು ತೂಕದ ನೂರರಲ್ಲಿ ಎರಡು ಪಾಲು ಎಂದುಕೊಂಡರೂ, ಬೇಕಾಗುವ ಎಳೆತ 30 ಕೆಜಿ ತೂಕದಷ್ಟು. ಒಂದು ಜೊತೆ ಹಳ್ಳಿಕಾರ್ ಎತ್ತುಗಳು ತಮ್ಮ ತೂಕದ ಹತ್ತನೇ ಒಂದು ಭಾಗದಷ್ಟು ಬಲದಿಂದ ಗಂಟೆಗಟ್ಟಲೆ ಎಳೆಯಬಲ್ಲವಾದ್ದರಿಂದ ಇದು ಅವುಗಳಿಗೆ ಹಗುರವೇ. ಕಷ್ಟ ಶುರುವಾಗುವುದು ಗದ್ದೆಯಿಂದ ರಸ್ತೆಗೆ ಹತ್ತುವಾಗ. ಹಸಿ ಮಣ್ಣಿನಲ್ಲಿ ಗಾಲಿ ಹೂತು ಉರುಳು ಘರ್ಷಣೆ ನೂರರಲ್ಲಿ ಹತ್ತು ಪಾಲಿಗೆ ಏರಿದರೆ 150 ಕೆಜಿ ಬೇಕು, ಇಪ್ಪತ್ತಡಿಗೆ ಒಂದಡಿ ಏರುವ ದಿಬ್ಬವಿದ್ದರೆ ಮೇಲೆ ಇನ್ನೂ 75 ಕೆಜಿ. ಆ ಹೊತ್ತಿನಲ್ಲಿ ನಾಲ್ಕು ಜನ ಗಾಲಿಗೆ ಹೆಗಲು ಕೊಡುವುದು ಇದೇ ಕಾರಣಕ್ಕೆ. ಗಾಡಿಯ ಹಿಂಬದಿಗಿಂತ ಗಾಲಿಯ ಮೇಲಂಚನ್ನು ಹಿಡಿದು ನೂಕಿದರೆ, ಅಚ್ಚನ್ನು ನೂಕುವುದಕ್ಕೆ ಬೇಕಾದ ಬಲದ ಅರ್ಧದಷ್ಟೇ ಸಾಕಾಗುತ್ತದೆ.

ಭಾರ ಹೇರುವುದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ಎರಡು ಗಾಲಿಯ ಗಾಡಿಗೆ ಅಚ್ಚೇ ಆಧಾರ. 1,200 ಕೆಜಿ ಕಬ್ಬಿನ ಗುರುತ್ವ ಕೇಂದ್ರ ಅಚ್ಚಿಗಿಂತ 10 ಸೆಂಟಿಮೀಟರ್ ಮುಂದಿದ್ದು, ನೊಗ ಅಚ್ಚಿನಿಂದ ಎರಡೂವರೆ ಮೀಟರ್ ದೂರದಲ್ಲಿದ್ದರೆ, ಎತ್ತುಗಳ ಹೆಗಲ ಮೇಲೆ 48 ಕೆಜಿ ಕೂರುತ್ತದೆ. ಅದೇ 10 ಸೆಂಟಿಮೀಟರ್ ಹಿಂದಕ್ಕೆ ಸರಿದರೆ ಅದೇ 48 ಕೆಜಿ ನೊಗವನ್ನು ಮೇಲಕ್ಕೆ ಎತ್ತುತ್ತದೆ, ಮೂಕಿ ಏಳುತ್ತದೆ, ಎತ್ತುಗಳ ಕೊರಳಿಗೆ ಕಣ್ಣಿ ಬಿಗಿಯುತ್ತದೆ. ಅನುಭವಸ್ಥರು ಹೇರುತ್ತಾ ಹೇರುತ್ತಾ ಒಂದು ಕೈಯಿಂದ ಮೂಕಿಯನ್ನು ಎತ್ತಿ ನೋಡಿ, ಮುಂಭಾರವೋ ಹಿಂಭಾರವೋ ಎಂದು ಅಂದಾಜು ಮಾಡಿ, ಎರಡು ಹೊರೆಯನ್ನು ಅತ್ತಿಂದಿತ್ತ ಜರುಗಿಸುವುದನ್ನು ಕಬ್ಬು ಕಡಿಯುವ ಕಾಲದಲ್ಲಿ ಮಂಡ್ಯದ ಯಾವ ಹಳ್ಳಿಯಲ್ಲಾದರೂ ನೋಡಬಹುದು. ಕೊಂಚ ಮುಂಭಾರವಿರುವುದೇ ಸರಿಯಾದ ಹೇರಿಕೆ.

ಟ್ರ್ಯಾಕ್ಟರಿನ ಮುಂದಿನ ಚಕ್ರ ಗಾಳಿಯಲ್ಲಿ ಏಳುವುದು ಏಕೆ?

ಎಂಜಿನ್ ಹಿಂದಿನ ಗಾಲಿಗಳನ್ನು ಮುಂದಕ್ಕೆ ತಿರುಗಿಸುವಾಗ, ಅದೇ ಪ್ರಮಾಣದ ಎದುರು ತಿರುಚು ಟ್ರ್ಯಾಕ್ಟರಿನ ಒಡಲಿನ ಮೇಲೂ ಬೀಳುತ್ತದೆ. ಎರಡು ಟ್ರೇಲರ್ ತುಂಬ ಕಬ್ಬು ಕಟ್ಟಿಕೊಂಡು ದಿಬ್ಬ ಹತ್ತುವಾಗ, ಎಳೆಯುವ ಕೊಂಡಿ ಹಿಂದಿನ ಅಚ್ಚಿಗಿಂತ ಎತ್ತರದಲ್ಲಿದ್ದರೆ ಟ್ರೇಲರಿನ ಎಳೆತವೂ ಇದರ ಜೊತೆ ಸೇರಿ ಮೂತಿಯನ್ನು ಎತ್ತುತ್ತದೆ. ಮುಂದೆ ಕಬ್ಬಿಣದ ಭಾರ ಜೋಡಿಸುವುದು ಇದನ್ನು ತಡೆಯಲು. ಕೆಸರಿನಲ್ಲಿ ಹಿಂದಿನ ಗಾಲಿ ಸಿಕ್ಕಿಕೊಂಡಾಗ ಗಾಲಿಯ ಮುಂದೆ ಮರದ ದಿಮ್ಮಿ ಕಟ್ಟಿ ಕ್ಲಚ್ ಬಿಡುವುದಂತೂ ಬಹಳ ಅಪಾಯ: ತಿರುಗಲಾಗದ ಗಾಲಿಯ ಸುತ್ತ ಟ್ರ್ಯಾಕ್ಟರೇ ತಿರುಗಿ, ಕ್ಷಣಾರ್ಧದಲ್ಲಿ ಚಾಲಕನ ಮೇಲೆ ಮಗುಚುತ್ತದೆ. ಹಿಮ್ಮುಖವಾಗಿ ಹೊರಬರುವುದು ಅಥವಾ ಇನ್ನೊಂದು ಟ್ರ್ಯಾಕ್ಟರಿನಿಂದ ಎಳೆಸುವುದು ಕ್ಷೇಮ.

ದಸರಾ ಆನೆ 750 ಕೆಜಿಯ ಅಂಬಾರಿ ಹೊತ್ತರೂ ಡಾಂಬರು ಕುಸಿಯುವುದಿಲ್ಲವಲ್ಲ?

ಜಂಬೂಸವಾರಿಯ ಆನೆ 5 ಟನ್ ತೂಗುತ್ತದೆ ಎಂದಿಟ್ಟುಕೊಂಡು, ಅಂಬಾರಿ, ಗಾದಿ, ನಮ್ದಾ, ಹಗ್ಗ ಎಲ್ಲ ಸೇರಿಸಿದರೆ ಸುಮಾರು 5,800 ಕೆಜಿ. ಒಂದೊಂದು ಪಾದದ ಅಗಲ 40 ಸೆಂಟಿಮೀಟರ್ ಎಂದುಕೊಂಡರೆ ನಾಲ್ಕು ಪಾದಗಳ ಒಟ್ಟು ವಿಸ್ತೀರ್ಣ 5,000 ಚದರ ಸೆಂಟಿಮೀಟರ್. ಅಂದರೆ ನಿಂತಾಗ ಒಂದು ಚದರ ಸೆಂಟಿಮೀಟರಿಗೆ ಒಂದು ಕೆಜಿಗಿಂತ ತುಸು ಹೆಚ್ಚು ಒತ್ತಡ. ಕಾರಿನ ಟೈರು ಅದೇ ರಸ್ತೆಯನ್ನು ಸುಮಾರು 2 ಕೆಜಿಯಷ್ಟು ಒತ್ತುತ್ತದೆ. ಮೆರವಣಿಗೆ ನೋಡಲು ಚೂಪು ಹಿಮ್ಮಡಿಯ ಚಪ್ಪಲಿ ಹಾಕಿ ಬಂದವರ ಒಂದು ಹಿಮ್ಮಡಿ ಒಂದು ಚದರ ಸೆಂಟಿಮೀಟರಿನಷ್ಟೇ ಇದ್ದರೆ, ಅವರು ನೆಲವನ್ನು ಆನೆಗಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಒತ್ತುತ್ತಾರೆ.

ಆನೆಯ ಬೆನ್ನಿಗೂ ಇದೇ ತತ್ವ ಬೇಕು. ಅಂಬಾರಿಯ ಭಾರ ಬೆನ್ನುಮೂಳೆಯ ಏಣಿನ ಮೇಲೆ ನೇರವಾಗಿ ಕೂರದೆ, ಇಕ್ಕೆಲದ ಮಾಂಸಲ ಭಾಗಕ್ಕೆ ಹರಡಲೆಂದೇ ದಪ್ಪ ನಮ್ದಾ ಮತ್ತು ಗಾದಿಯನ್ನು ಕಟ್ಟುತ್ತಾರೆ. ಎತ್ತರದಲ್ಲಿ ಕೂತ ಭಾರ ಪ್ರತಿ ಹೆಜ್ಜೆಗೂ ಪಕ್ಕಕ್ಕೆ ತೊನೆಯುವುದರಿಂದ, ಅರಮನೆಯಿಂದ ಬನ್ನಿಮಂಟಪದವರೆಗಿನ ಸುಮಾರು 5 ಕಿಲೋಮೀಟರ್ ದಾರಿಯಲ್ಲಿ ಹಗ್ಗ ಸಡಿಲವಾಗದಿರುವುದು ಭಾರದಷ್ಟೇ ಮುಖ್ಯ. ಹಬ್ಬಕ್ಕೆ ವಾರಗಳ ಮೊದಲೇ ಮರಳಿನ ಮೂಟೆ ಹೊರಿಸಿ, ತೂಕವನ್ನು ಹಂತ ಹಂತವಾಗಿ ಏರಿಸುತ್ತಾ ತಾಲೀಮು ನಡೆಸುವುದು ಈ ತೊನೆತಕ್ಕೆ ಆನೆಯ ನಡಿಗೆ ಹೊಂದಿಕೊಳ್ಳಲಿ ಎಂದೂ ಹೌದು.

ತಲೆಯ ಮೇಲೆ ಕೊಡ ಹೊರುವವರು ಸಿಂಬೆ ಇಡುವುದೂ ಇದಕ್ಕೇ?

ಇದಕ್ಕೇ. ಕೊಡದ ದುಂಡು ತಳ ನೆತ್ತಿಯನ್ನು ಮುಟ್ಟುವ ಜಾಗ ಅಂಗೈಯ ಕಾಲು ಭಾಗವೂ ಇರುವುದಿಲ್ಲ, ಬಟ್ಟೆಯ ಸಿಂಬೆ ಆ ಜಾಗವನ್ನು ಹಲವು ಪಟ್ಟು ಹಿಗ್ಗಿಸುತ್ತದೆ. ಅಲ್ಲದೆ ಕೊಡ ವಾಲದಂತೆ ಹಿಡಿಯುತ್ತದೆ.

ಕುಕ್ಕರಿನ ಮುಚ್ಚಳವನ್ನು ವಿಷಲ್ ಇಳಿಯುವ ಮೊದಲೇ ತೆರೆಯಬಾರದು ಎನ್ನುವುದೇಕೆ?

ಅಡುಗೆಮನೆಯ ಕುಕ್ಕರಿನೊಳಗೆ ಒತ್ತಡ ಹೊರಗಿನದಕ್ಕಿಂತ ಒಂದು ಚದರ ಸೆಂಟಿಮೀಟರಿಗೆ ಸುಮಾರು 1 ಕೆಜಿಯಷ್ಟು ಹೆಚ್ಚಿರುತ್ತದೆ. ಕೇಳಲು ಸಣ್ಣದು. ಆದರೆ 20 ಸೆಂಟಿಮೀಟರ್ ಅಗಲದ ಮುಚ್ಚಳಕ್ಕೆ 314 ಚದರ ಸೆಂಟಿಮೀಟರ್ ವಿಸ್ತೀರ್ಣವಿದೆ, ಹಾಗಾಗಿ ಅದರ ಮೇಲೆ ಒಟ್ಟು 314 ಕೆಜಿ ತೂಕದಷ್ಟು ಬಲ ಮೇಲ್ಮುಖವಾಗಿ ಬೀಳುತ್ತಿರುತ್ತದೆ. ಅಷ್ಟನ್ನು ತಡೆದು ನಿಲ್ಲಿಸಿರುವುದು ಮುಚ್ಚಳದ ಅಂಚಿನ ಕೊಕ್ಕೆಗಳು. ಬಲವಂತದಿಂದ ತಿರುಗಿಸಿದರೆ ಏನಾದೀತು ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ವಿಷಲಿನ ಗುಂಡು 70 ಗ್ರಾಂ ಇದ್ದರೂ ಸಾಕಾಗುವುದು ಹೇಗೆ ಎಂದು ಹಲವರು ಕೇಳುತ್ತಾರೆ. ಗುಂಡು ಮುಚ್ಚುವ ರಂಧ್ರದ ಅಗಲ ಸುಮಾರು 3 ಮಿಲಿಮೀಟರ್ ಆದರೆ ವಿಸ್ತೀರ್ಣ 0.07 ಚದರ ಸೆಂಟಿಮೀಟರ್. ಒಂದು ಕೆಜಿ ಒತ್ತಡಕ್ಕೆ ಅಲ್ಲಿ ಏಳುವ ಬಲ 70 ಗ್ರಾಂ ತೂಕದಷ್ಟು ಮಾತ್ರ. ಅದನ್ನು ಮೀರಿದೊಡನೆ ಗುಂಡು ಏಳುತ್ತದೆ, ಆವಿ ಹೋಗುತ್ತದೆ. ಅನ್ನದ ಅಗುಳು ಆ ರಂಧ್ರಕ್ಕೆ ಸಿಕ್ಕಿಕೊಂಡರೆ ಈ ಲೆಕ್ಕ ಕೆಟ್ಟುಹೋಗುತ್ತದೆ, ಆದ್ದರಿಂದ ತೊಳೆಯುವಾಗಲೆಲ್ಲ ರಂಧ್ರವನ್ನು ಬೆಳಕಿಗೆ ಹಿಡಿದು ನೋಡಬೇಕು. ಮೈಸೂರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿರುವುದರಿಂದ ಇಲ್ಲಿ ತೆರೆದ ಪಾತ್ರೆಯ ನೀರು 97ರಿಂದ 98 ಡಿಗ್ರಿಗೇ ಕುದಿಯುತ್ತದೆ. ಕುಕ್ಕರಿನೊಳಗೆ ಅದು 120ರ ಹತ್ತಿರಕ್ಕೆ ಹೋಗುತ್ತದೆ, ಬೇಳೆ ಬೇಗ ಬೇಯುವುದು ಅದಕ್ಕೇ.

ಕನ್ನಂಬಾಡಿ ಕಟ್ಟೆಯ ಹಿಂದೆ ಅಷ್ಟು ದೂರ ನೀರು ನಿಂತಿದೆ. ಅಷ್ಟೂ ನೀರು ಕಟ್ಟೆಯನ್ನು ತಳ್ಳುತ್ತದೆಯೇ?

ನೀರು ಎಷ್ಟು ದೂರ ಹರಡಿದೆ ಎಂಬುದಕ್ಕೂ ಕಟ್ಟೆಯ ಮೇಲಿನ ಒತ್ತಡಕ್ಕೂ ಸಂಬಂಧವಿಲ್ಲ. ಒತ್ತಡವನ್ನು ತೀರ್ಮಾನಿಸುವುದು ಆಳ. 1911ರಲ್ಲಿ ಕೆಲಸ ಆರಂಭವಾದ ಕೃಷ್ಣರಾಜ ಸಾಗರದ ಗರಿಷ್ಠ ಮಟ್ಟ 124.80 ಅಡಿ, ಅಂದರೆ 38 ಮೀಟರ್. ಅಷ್ಟು ಆಳದಲ್ಲಿ ಒಂದು ಚದರ ಸೆಂಟಿಮೀಟರಿಗೆ 3.8 ಕೆಜಿ ತೂಕದಷ್ಟು ಒತ್ತಡ ಬೀಳುತ್ತದೆ, ಮೇಲ್ಮೈಯಲ್ಲಿ ಸೊನ್ನೆ. ಒಟ್ಟು ನೂಕುವಿಕೆ ಆಳದ ವರ್ಗದಂತೆ ಏರುತ್ತದೆ: ನೀರು 38 ಮೀಟರ್ ಇರುವ ಕಡೆ ಗೋಡೆಯ ಒಂದೊಂದು ಮೀಟರ್ ಉದ್ದದ ಮೇಲೆ 720 ಟನ್ನಿನಷ್ಟು, ಮಟ್ಟ ಅರ್ಧಕ್ಕೆ ಇಳಿದರೆ ಅದರ ಕಾಲು ಭಾಗ ಮಾತ್ರ. ಸುರ್ಕಿ ಗಾರೆಯಲ್ಲಿ ಕಲ್ಲು ಕಟ್ಟಿ ಎಬ್ಬಿಸಿದ ಈ ಗೋಡೆ ಈ ನೂಕನ್ನು ತಡೆಯುವುದು ತನ್ನ ಸ್ವಂತ ತೂಕದಿಂದ, ಆದ್ದರಿಂದಲೇ ಅದರ ಬುಡ ತುದಿಗಿಂತ ಎಷ್ಟೋ ಅಗಲ. ಅಷ್ಟೇ ಆಳದ ಒಂದು ಕಿರಿದಾದ ಬಾವಿಯ ತಳದಲ್ಲೂ ಒತ್ತಡ ಅದೇ 3.8 ಕೆಜಿ.

ಮಂಡಿಯುದ್ದದ ನೀರಿನಲ್ಲಿ ಕಾವೇರಿ ಜನರನ್ನು ಹೇಗೆ ಎಳೆದೊಯ್ಯುತ್ತದೆ?

ಹರಿಯುವ ನೀರಿನ ನೂಕು ವೇಗದ ವರ್ಗದಂತೆ ಏರುತ್ತದೆ. ಮಂಡಿಯವರೆಗಿನ ನೀರು ಸೆಕೆಂಡಿಗೆ 1 ಮೀಟರ್ ವೇಗದಲ್ಲಿದ್ದರೆ ಎರಡೂ ಕಾಲುಗಳ ಮೇಲೆ ಸುಮಾರು 6 ಕೆಜಿ ತೂಕದಷ್ಟು ಬಲ ಬೀಳುತ್ತದೆ. 2 ಮೀಟರ್ ಆದರೆ 24 ಕೆಜಿ. ಸೊಂಟದವರೆಗೆ ಇಳಿದರೆ ಅದೇ ವೇಗಕ್ಕೆ 50 ಕೆಜಿ ದಾಟುತ್ತದೆ. ಇದರ ಮೇಲೆ, ಮುಳುಗಿದ ದೇಹಭಾಗವನ್ನು ನೀರು ಮೇಲಕ್ಕೆತ್ತುವುದರಿಂದ ಪಾದ ನೆಲವನ್ನು ಒತ್ತುವ ಬಲ ಇಳಿಯುತ್ತದೆ, ಅದರೊಂದಿಗೆ ಘರ್ಷಣೆಯೂ ಇಳಿಯುತ್ತದೆ. ತಳದ ಬಂಡೆಗೆ ಪಾಚಿ ಕಟ್ಟಿದ್ದರೆ ಹಿಡಿತ ಇಲ್ಲವೆಂದೇ ತಿಳಿಯಬೇಕು. ಶ್ರೀರಂಗಪಟ್ಟಣದ ಸಂಗಮದಲ್ಲಿ, ಮುತ್ತತ್ತಿಯಲ್ಲಿ ಈಜು ಬಲ್ಲವರೂ ಸಿಕ್ಕಿಬೀಳುವುದುಂಟು. ಅಣೆಕಟ್ಟೆಯಿಂದ ನೀರು ಬಿಟ್ಟಾಗ ಆಳ ಮತ್ತು ವೇಗ ಎರಡೂ ಒಟ್ಟಿಗೆ ಏರುತ್ತವೆ. ಸಿಕ್ಕಿಕೊಂಡವರು ಹೊಳೆಗೆ ಎದುರು ಈಜದೆ, ಹರಿವಿನ ಜೊತೆ ಓರೆಯಾಗಿ ದಡದತ್ತ ಸರಿಯಬೇಕು.

ಹರಿಗೋಲು ಅಷ್ಟು ಜನರನ್ನು ಹೊತ್ತೂ ತೇಲುವುದು ಹೇಗೆ?

ಅದು ತನ್ನ ಒಟ್ಟು ತೂಕದಷ್ಟು ನೀರನ್ನು ಪಕ್ಕಕ್ಕೆ ಸರಿಸುವವರೆಗೆ ಮಾತ್ರ ಮುಳುಗುತ್ತದೆ. ಎರಡು ಮೀಟರ್ ಅಗಲದ ಹರಿಗೋಲಿನಲ್ಲಿ ಜನರೂ ಸೇರಿ 400 ಕೆಜಿ ಇದ್ದರೆ, 13 ಸೆಂಟಿಮೀಟರ್ ಮುಳುಗಿದೊಡನೆ ಲೆಕ್ಕ ಸರಿಹೋಗುತ್ತದೆ. ಬಂಡೆಗಳ ನಡುವಿನ ತೆಳು ನೀರಿನಲ್ಲೂ ಅದು ಸಾಗುವುದು ಇದರಿಂದ. ಅಗಲ ತಳ ಇರುವುದರಿಂದ ಕೂತಿರುವಷ್ಟು ಹೊತ್ತು ಮಗುಚುವುದು ಕಷ್ಟ. ಫೋಟೊ ತೆಗೆಯಲೆಂದು ಎಲ್ಲರೂ ಎದ್ದು ಒಂದೇ ಬದಿಗೆ ವಾಲಿದರೆ ಆ ಭರವಸೆ ಇರುವುದಿಲ್ಲ.

ಬಾವಿಯ ರಾಟೆ ಭಾರವನ್ನು ಕಡಿಮೆ ಮಾಡುತ್ತದೆಯೇ?

ಇಲ್ಲ, ದಿಕ್ಕನ್ನು ಮಾತ್ರ ಬದಲಿಸುತ್ತದೆ. ಮೇಲಕ್ಕೆತ್ತುವ ಬದಲು ಕೆಳಕ್ಕೆಳೆಯುವಾಗ ನಮ್ಮ ಸ್ವಂತ ತೂಕ ನೆರವಿಗೆ ಬರುವುದರಿಂದ ಹಗುರವೆನಿಸುತ್ತದೆ.

ಗಾಳಿಮಳೆಗೆ ಫ್ಲೆಕ್ಸ್ ಬ್ಯಾನರುಗಳು ಕಂಬ ಸಮೇತ ಉರುಳುವುದೇಕೆ?

ಗಾಳಿಗೂ ನೀರಿನ ಲೆಕ್ಕವೇ. 3 ಮೀಟರ್ ಉದ್ದ, 2 ಮೀಟರ್ ಎತ್ತರದ ಬ್ಯಾನರಿಗೆ ಗಂಟೆಗೆ 36 ಕಿಲೋಮೀಟರಿನ ಗಾಳಿ ನೇರವಾಗಿ ಬಡಿದರೆ 44 ಕೆಜಿ ತೂಕದಷ್ಟು ಬಲ, 72 ಕಿಲೋಮೀಟರಿನ ಗಾಳಿಗೆ 176 ಕೆಜಿ. ಸಣಬಿನ ಹಗ್ಗದಲ್ಲಿ ಬಿಗಿದ ಎರಡು ಗಳುವಿಗೆ ಇದನ್ನು ತಾಳುವ ಶಕ್ತಿ ಎಲ್ಲಿಂದ ಬರಬೇಕು? ಬ್ಯಾನರಿನಲ್ಲಿ ಅಲ್ಲಲ್ಲಿ ಸೀಳು ಬಿಡುವುದರಿಂದ ಸ್ವಲ್ಪ ಉಪಯೋಗವಿದೆ, ಕಟ್ಟದೇ ಇರುವುದರಿಂದ ಪೂರ್ತಿ ಉಪಯೋಗವಿದೆ.

ಯಾವ ಉಪಕರಣವೂ ಇಲ್ಲದೆ ಮನೆಯಲ್ಲೇ ಒಂದು ಬಲವನ್ನು ಅಳೆಯಬಹುದೇ?

ಘರ್ಷಣೆಯನ್ನು ಅಳೆಯಬಹುದು. ಒಂದು ಹಲಗೆಯ ಮೇಲೆ ಚಪ್ಪಲಿ ಇಟ್ಟು, ಅದರೊಳಗೆ ಒಂದು ಕಲ್ಲಿಟ್ಟು, ಹಲಗೆಯ ಒಂದು ತುದಿಯನ್ನು ಮೆಲ್ಲಗೆ ಎತ್ತುತ್ತಾ ಹೋಗಿ. ಚಪ್ಪಲಿ ಜಾರಲು ಆರಂಭಿಸಿದ ಕ್ಷಣದಲ್ಲಿ ಹಲಗೆಯನ್ನು ಹಾಗೇ ಹಿಡಿದು, ಎತ್ತಿದ ತುದಿ ನೆಲದಿಂದ ಎಷ್ಟು ಎತ್ತರದಲ್ಲಿದೆ, ಆ ತುದಿಯ ನೇರ ಕೆಳಗಿನ ಬಿಂದುವಿನಿಂದ ಹಲಗೆಯ ಇನ್ನೊಂದು ತುದಿಗೆ ನೆಲದ ಮೇಲೆ ಎಷ್ಟು ದೂರವಿದೆ ಎಂದು ಅಳೆಯಿರಿ. ಎತ್ತರವನ್ನು ದೂರದಿಂದ ಭಾಗಿಸಿದರೆ ಸಿಗುವ ಸಂಖ್ಯೆಯೇ ಘರ್ಷಣಾ ಗುಣಾಂಕ, ಅಂದರೆ ಸಮತಟ್ಟು ನೆಲದ ಮೇಲೆ ಘರ್ಷಣೆಯ ಹಿಡಿತ ತೂಕದ ಎಷ್ಟು ಪಾಲು ಎಂಬುದು. ಕಲ್ಲಿನ ತೂಕ ಬದಲಿಸಿದರೂ ಈ ಸಂಖ್ಯೆ ಹೆಚ್ಚುಕಡಿಮೆ ಅಷ್ಟೇ ಬರಬೇಕು. ಹಲಗೆಯನ್ನು ಒಮ್ಮೆ ಒಣಗಿದ್ದಾಗ, ಒಮ್ಮೆ ಸೋಪಿನ ನೀರು ಸವರಿ ಅಳೆದು, ಎರಡೂ ಸಂಖ್ಯೆಗಳನ್ನು ಬಚ್ಚಲಮನೆಯ ಬಾಗಿಲಿಗೆ ಅಂಟಿಸಬಹುದು.